ದಮ್ಮಿಗೆ ಅರ್ಧ ಔಷಧ ಅಂಗಳದಲ್ಲಿದೆ

ಕಲಬುರಗಿಯ ಸೇಡಂ ರಸ್ತೆ ದವಾಖಾನೆಗಳ ರಸ್ತೆ. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಬಸವೇಶ್ವರ ಆಸ್ಪತ್ರೆ, ಸರ್ಕಾರದ ವೈದ್ಯಕೀಯ ಕಾಲೇಜು ಜಿಮ್ಸ್, ಇಎಸ್‌ಐಸಿ ವೈದ್ಯಕೀಯ ಕಾಲೇಜು, 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಎಲ್ಲವೂ ಈ ಒಂದೇ ರಸ್ತೆಯ ಮೇಲಿವೆ. ಕಮಲಾಪುರ, ಚಿಂಚೋಳಿ, ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ರಾತ್ರೋರಾತ್ರಿ ಯಾರಿಗಾದರೂ ದಮ್ಮು ಜೋರಾದರೆ ಗಾಡಿ ಬಂದು ನಿಲ್ಲುವುದು ಇಲ್ಲಿಯೇ.

ಇಲ್ಲಿಗೆ ಬಂದ ಮೇಲೆ ನಡೆಯಬೇಕಾದದ್ದು ಬಹುಮಟ್ಟಿಗೆ ನಡೆಯುತ್ತದೆ. ಆಕ್ಸಿಜನ್ ಹಚ್ಚುತ್ತಾರೆ, ನೆಬ್ಯುಲೈಜರ್ ಕೊಡುತ್ತಾರೆ, ಸ್ಟೀರಾಯ್ಡ್, ಆಂಟಿಬಯಾಟಿಕ್ ಹಾಕುತ್ತಾರೆ. ನಾಲ್ಕೈದು ದಿನದಲ್ಲಿ ರೋಗಿ ಎದ್ದು ಕೂರುತ್ತಾರೆ. ಸೇದುವ ಪಂಪ್ ಬರೆದುಕೊಟ್ಟು, ‘ಬೀಡಿ ಬಿಡ್ರಿ, ಧೂಳಿಗೆ ಹೋಗಬ್ಯಾಡ್ರಿ’ ಎಂದು ಹೇಳಿ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಆರೈಕೆ ಶುರುವಾಗುತ್ತದೆ. ಮಗ ನೀರು ತಂದುಕೊಡುತ್ತಾನೆ, ಸೊಸೆ ತಾಟು ಮುಂದಿಡುತ್ತಾಳೆ. ‘ಅಪ್ಪಾ, ನೀವ್ ಸುಮ್ನ ಕುಂದರ್ರಿ’ ಎನ್ನುವುದೇ ಎಲ್ಲರ ಬಾಯಲ್ಲಿ. ಅಪ್ಪ ಹಾಗೇ ಕೂರುತ್ತಾರೆ. ಕೆಲವು ತಿಂಗಳಲ್ಲಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ತೇಕು ಹತ್ತುತ್ತದೆ. ಚಳಿಗಾಲದ ಒಂದು ನೆಗಡಿ ಸಾಕು, ಮತ್ತೆ ಆಸ್ಪತ್ರೆ.

ಈ ಸುತ್ತಿನಲ್ಲಿ ಯಾರೂ ಬೇಕೆಂದು ತಪ್ಪು ಮಾಡುತ್ತಿಲ್ಲ. ಆದರೆ ಚಿಕಿತ್ಸೆಯ ಅರ್ಧ ಭಾಗವೇ ಇಲ್ಲಿ ಬಿಟ್ಟುಹೋಗಿದೆ. ವೈದ್ಯರು ಅದನ್ನು ಪಲ್ಮನರಿ ರಿಹ್ಯಾಬಿಲಿಟೇಷನ್ ಎನ್ನುತ್ತಾರೆ. ಶ್ವಾಸಕೋಶ ಪುನಶ್ಚೇತನ ಎನ್ನೋಣ. ರೋಗಿಯ ಶಕ್ತಿಯನ್ನು ಅಳೆದು, ಅದಕ್ಕೆ ತಕ್ಕ ನಡಿಗೆ ಮತ್ತು ಸ್ನಾಯುಗಳ ವ್ಯಾಯಾಮ ಗೊತ್ತುಮಾಡಿ, ವಾರವಾರವೂ ಸ್ವಲ್ಪಸ್ವಲ್ಪ ಹೆಚ್ಚಿಸುತ್ತ, ಜೊತೆಗೆ ಉಸಿರಾಟದ ರೀತಿ, ಪಂಪ್ ಬಳಸುವ ಕ್ರಮ, ಊಟ, ಮನಸ್ಸಿನ ಅಂಜಿಕೆ ಇವನ್ನೂ ನೋಡಿಕೊಳ್ಳುವ ಎಂಟು ವಾರಗಳ ಆಸುಪಾಸಿನ ಚಿಕಿತ್ಸೆ ಇದು. ಇದಕ್ಕೆ ದೊಡ್ಡ ಯಂತ್ರ ಬೇಡ, ದಿನವೂ ಸೇಡಂ ರಸ್ತೆಗೆ ಬರಬೇಕಾಗಿಯೂ ಇಲ್ಲ. ಮನೆಯ ಅಂಗಳ, ಒಂದು ಕುರ್ಚಿ, ಒಂದು ಫೋನು ಇದ್ದರೆ ಮಾಡಬಹುದು ಎನ್ನುವುದಕ್ಕೆ ಈಗ ಗಟ್ಟಿ ಪುರಾವೆ ಇದೆ.

ಯಾರಿಗೆ ಈ ರೋಗ?

ದೀರ್ಘಕಾಲದ ಶ್ವಾಸಕೋಶ ಕಾಯಿಲೆಗಳಲ್ಲಿ ದೊಡ್ಡದು ಸಿಒಪಿಡಿ. ಉಸಿರಿನ ಕೊಳವೆಗಳು ಊದಿಕೊಂಡು ಕಿರಿದಾಗುತ್ತವೆ, ತುದಿಯ ಗಾಳಿಚೀಲಗಳ ಗೋಡೆಗಳು ಹಾಳಾಗುತ್ತವೆ. ಹಾಳಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು. ಆ ರೋಗದ ಹೊರೆಯಲ್ಲಿ ಶೇ 53.7ರಷ್ಟಕ್ಕೆ ಮನೆಯ ಒಳಗಿನ, ಹೊರಗಿನ ಕೆಟ್ಟ ಗಾಳಿ ಕಾರಣ. ತಂಬಾಕಿನ ಪಾಲು ಶೇ 25.4, ಕೆಲಸದ ಜಾಗದ ಧೂಳು-ಹೊಗೆಯದು ಶೇ 16.5. ಬೀಡಿ ಸೇದುವವರ ರೋಗ ಎಂದು ನಾವು ತಿಳಿದಿರುವುದು ಬೀಡಿಯನ್ನು ಮುಟ್ಟದವರಿಗೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಬರುತ್ತದೆ.

ನಮ್ಮ ಜಿಲ್ಲೆಯ ಬದುಕು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇದು ತೊಗರಿಯ ಸೀಮೆ. ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ ಹೊರೆಹೊರೆಯಾಗಿ ಮನೆ ಹಿಂದೆ ಬಂದು ಬೀಳುತ್ತದೆ, ವರ್ಷವಿಡೀ ಒಲೆಗೆ ಆಗುತ್ತದೆ. ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಇದ್ದರೂ ಹತ್ತಾರು ಜೋಳದ ರೊಟ್ಟಿ ಬೇಯಿಸಲಿಕ್ಕೆ, ಸ್ನಾನದ ನೀರು ಕಾಯಿಸಲಿಕ್ಕೆ ಕಟ್ಟಿಗೆ ಒಲೆಯೇ ಬೇಕು. ರಾಶಿ ಮಷೀನಿನ ಹೊಟ್ಟು, ದಾಲ್ ಮಿಲ್ಲಿನ ಧೂಳು, ಶಹಾಬಾದ್ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಡೆಯ ಪುಡಿ, ಮಳಖೇಡ, ಸೇಡಂ, ವಾಡಿಯ ಸಿಮೆಂಟ್ ಪಟ್ಟಿಯ ಲಾರಿ ಸಾಲು, ಇಷ್ಟನ್ನೂ ದುಡಿಯುವ ಜನರ ಪುಪ್ಪುಸ ದಿನಾ ಸೇದುತ್ತದೆ.

ಒಲೆಯ ಹೊಗೆಗೆ ಕರ್ನಾಟಕದ್ದೇ ಆದ ಒಂದು ಲೆಕ್ಕ ಇದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳನ್ನು ಅಭ್ಯಸಿಸಿ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ್ದು. ದಿನಕ್ಕೆ ಎಷ್ಟು ತಾಸು ಕಟ್ಟಿಗೆ ಒಲೆಯ ಮುಂದೆ ಇರುತ್ತೀರಿ, ಎಷ್ಟು ವರ್ಷ ಹಾಗೆ ಅಡುಗೆ ಮಾಡಿದ್ದೀರಿ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿತೆಂದರೆ ದೀರ್ಘಕಾಲದ ಕೆಮ್ಮು-ಕಫದ ಅಪಾಯ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಮದುವೆಯಾಗಿ ಬಂದ ಹುಡುಗಿ ದಿನಕ್ಕೆ ಮೂರು ತಾಸು ಒಲೆ ಮುಂದೆ ಕೂತರೆ ಇಪ್ಪತ್ತು ವರ್ಷಕ್ಕೆ ಆ ಗೆರೆ ಮುಟ್ಟುತ್ತಾಳೆ. ಆಗ ಅವಳಿಗೆ ನಲವತ್ತರ ಆಸುಪಾಸು.

ಇನ್ನೊಂದು ಗುಂಪು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕ್ಷಯಕ್ಕೆ ಆರು ತಿಂಗಳು ಗುಳಿಗೆ ನುಂಗಿ ಗುಣವಾದವರು ಇವರು. ಕಫದಲ್ಲಿ ಈಗ ರೋಗಾಣು ಇಲ್ಲ, ಕಾರ್ಡಿನಲ್ಲಿ ‘ಚಿಕಿತ್ಸೆ ಪೂರ್ಣ’ ಎಂದಿದೆ. ಆದರೆ ಒಳಗೆ ಗಾಯದ ಕಲೆ ಉಳಿದಿದೆ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಕ್ಷಯೋತ್ತರ ಶ್ವಾಸಕೋಶ ಕಾಯಿಲೆಯ ಆರೈಕೆಗೆ 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡಗಳು ಇಂಥವರಿಗೂ ಪುನಶ್ಚೇತನ ಸಿಗಬೇಕು ಎನ್ನುತ್ತವೆ.

ದಮ್ಮು ಎದೆಯಲ್ಲಿ, ಸೋಲು ಕಾಲಲ್ಲಿ

ಪುಪ್ಪುಸವೇ ಹಾಳಾಗಿರುವಾಗ ನಡೆಸಿ ಏನು ಪ್ರಯೋಜನ? ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದ್ದೂ ಹೌದು.

ಸಿಒಪಿಡಿಯಲ್ಲಿ ಗಾಳಿ ಒಳಗೆ ತೆಗೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಕಷ್ಟ. ಬೇಗಬೇಗ ಉಸಿರಾಡಿದಾಗ ಹಿಂದಿನ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಬರುತ್ತದೆ. ಮುಕ್ಕಾಲು ತುಂಬಿದ ಕೊಡವನ್ನು ಬರಿದು ಮಾಡದೆ ಮತ್ತೆ ಮತ್ತೆ ನಳದ ಕೆಳಗೆ ಹಿಡಿದಂತೆ, ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ಎದೆ ಉಬ್ಬಿ ನಿಲ್ಲುತ್ತದೆ. ಇದು ಪ್ರಾಣ ಹೋದಂತೆ ಅನ್ನಿಸುವ ಸಂಕಟ. ಒಮ್ಮೆ ಅನುಭವಿಸಿದವರು ಮತ್ತೆ ಅದು ಬಾರದಿರಲಿ ಎಂದು ನಡೆಯುವುದನ್ನೇ ಕಡಿಮೆ ಮಾಡುತ್ತಾರೆ.

ಎರಡನೆಯ ಹಾನಿ ಇಲ್ಲಿಂದ ಶುರು. ಕೂತಲ್ಲೇ ಕೂತರೆ ತೊಡೆಯ ಸ್ನಾಯು ಕರಗುತ್ತದೆ. ಸೊರಗಿದ ಸ್ನಾಯು ಸ್ವಲ್ಪ ಕೆಲಸಕ್ಕೇ ದಣಿದು ಬೇಗ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಅದನ್ನು ಸರಿದೂಗಿಸುವಾಗ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದನ್ನು ಹೊರಹಾಕಲು ಇನ್ನಷ್ಟು ಉಸಿರಾಡಬೇಕಾಗುತ್ತದೆ. ಮೊದಲೇ ಸೋತ ಪುಪ್ಪುಸದ ಮೇಲೆ ಸೋತ ಕಾಲು ಇನ್ನೂ ಭಾರ ಹೇರುತ್ತದೆ. ಹೆಜ್ಜೆ ಕಡಿಮೆಯಾದಷ್ಟೂ ದಮ್ಮು ಹೆಚ್ಚು, ದಮ್ಮು ಹೆಚ್ಚಿದಷ್ಟೂ ಹೆಜ್ಜೆ ಕಡಿಮೆ.

ಪಂಪಿನ ಔಷಧ ಕೊಳವೆಗಳನ್ನು ಅಗಲ ಮಾಡುತ್ತದೆ. ತೊಡೆಗೆ ಬಲ ಕೊಡುವುದು ಅದರ ಕೆಲಸವಲ್ಲ, ಅದಕ್ಕೆ ಹದವಾದ ವ್ಯಾಯಾಮವೇ ಬೇಕು. ಪಳಗಿದ ಸ್ನಾಯು ಅದೇ ದೂರಕ್ಕೆ ಕಡಿಮೆ ಆಮ್ಲ ಬಿಡುತ್ತದೆ, ಕಡಿಮೆ ಉಸಿರು ಕೇಳುತ್ತದೆ. ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಮಾಡಿದರೆ ಅಂಕಿ ಮೊದಲಿನಷ್ಟೇ ಇರಬಹುದು. ಆದರೆ ಮನುಷ್ಯ ಮಾತ್ರ ಗುಡಿಯವರೆಗೆ ನಡೆದುಹೋಗಿ ಬರುತ್ತಾನೆ.

ಇದು ಬರೀ ಹೇಳಿಕೆಯ ಮಾತಲ್ಲ. 2015ರಲ್ಲಿ ಕಾಕ್ರೇನ್ ಸಂಸ್ಥೆ 65 ಪ್ರಯೋಗಗಳನ್ನು, ಅವುಗಳಲ್ಲಿದ್ದ 3,822 ಜನರನ್ನು ಒಟ್ಟಿಗೆ ತೂಗಿ ನೋಡಿತು. ಪುನಶ್ಚೇತನ ಪಡೆದವರು ಆರು ನಿಮಿಷದಲ್ಲಿ ನಡೆಯುವ ದೂರ ಉಳಿದವರಿಗಿಂತ ಸರಾಸರಿ 44 ಮೀಟರ್ ಹೆಚ್ಚಾಗಿತ್ತು. ಈ ಪರೀಕ್ಷೆಯಲ್ಲಿ 30 ಮೀಟರ್ ಏರಿಕೆಯಾದರೇ ರೋಗಿಯ ಅನುಭವಕ್ಕೆ ಬರುವ ಸುಧಾರಣೆ ಎಂದು ಲೆಕ್ಕ. ಪುನಶ್ಚೇತನ ಒಳ್ಳೆಯದೋ ಅಲ್ಲವೋ ಎಂದು ಮತ್ತೆ ಪ್ರಯೋಗ ಮಾಡುವ ಅಗತ್ಯವೇ ಇಲ್ಲ, ಅದನ್ನು ಹೇಗೆ ತಲುಪಿಸಬೇಕೆಂದು ಯೋಚಿಸಿ ಎನ್ನುವ ಮಟ್ಟಿಗೆ ಆ ವಿಷಯ ಇತ್ಯರ್ಥವಾಯಿತು.

ತಲುಪಿಸುವುದೇ ತೊಡಕು

ತಲುಪಿಸುವುದರಲ್ಲಿ ಶ್ರೀಮಂತ ದೇಶಗಳೂ ಸೋತಿವೆ. ಅಮೆರಿಕದಲ್ಲಿ ಸಿಒಪಿಡಿ ಜೋರಾಗಿ ಆಸ್ಪತ್ರೆ ಸೇರಿದ ಸುಮಾರು ಎರಡು ಲಕ್ಷ ಹಿರಿಯರ ದಾಖಲೆ ನೋಡಿದ 2020ರ ಅಧ್ಯಯನವೊಂದರ ಪ್ರಕಾರ, ಮನೆಗೆ ಹೋದ 90 ದಿನಗಳೊಳಗೆ ಪುನಶ್ಚೇತನ ಶುರು ಮಾಡಿದವರು ಶೇ 1.5 ಮಾತ್ರ. ಆ ಕೆಲವರಲ್ಲಿ ಒಂದು ವರ್ಷದೊಳಗಿನ ಸಾವು ಕಡಿಮೆ ಇತ್ತು.

ಅಲ್ಲಿಯೇ ಹೀಗಾದರೆ ಇಲ್ಲಿ? ಸಾಮಾನ್ಯ ಕ್ರಮವೆಂದರೆ ವಾರಕ್ಕೆ ಎರಡು ಸಲದಂತೆ ಎಂಟು ವಾರ ಆಸ್ಪತ್ರೆಗೆ ಬರಬೇಕು. ಕಮಲಾಪುರ ಕಲಬುರಗಿಯಿಂದ ನಲವತ್ತು ಕಿಲೋಮೀಟರಿನ ಒಳಗೇ ಇದೆ, ಹುಮನಾಬಾದ್ ದಾರಿಯ ಮೇಲಿದೆ. ಆದರೆ ತಾಲ್ಲೂಕಿನ ಒಳಹಳ್ಳಿಯವರು ಮೊದಲು ಡಾಂಬರು ರಸ್ತೆಗೆ ಬರಬೇಕು, ಬಸ್ಸು ಕಾಯಬೇಕು, ಕಲಬುರಗಿ ಬಸ್ ನಿಲ್ದಾಣದಲ್ಲಿ ಇಳಿದು ಸೇಡಂ ರಸ್ತೆಗೆ ಆಟೋ ಹಿಡಿಯಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯಿತು. ಆದರೆ ದಮ್ಮಿನವರಿಗೆ ತುಂಬಿದ ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಪರೀಕ್ಷೆ. ಜೊತೆಗೆ ಬರುವ ಮಗನ ಆ ದಿನದ ಕೂಲಿ ಹೋಯಿತು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಇಲ್ಲಿ ಸುದ್ದಿಯೇ ಅಲ್ಲ. ಇಂಥ ಹದಿನಾರು ಪ್ರಯಾಣ ಮಾಡಿಸುವ ಚಿಕಿತ್ಸೆಯನ್ನು ಯಾರೂ ಪೂರ್ತಿ ಮಾಡುವುದಿಲ್ಲ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಭೌತಚಿಕಿತ್ಸಾ ತಜ್ಞೆ ಆ್ಯನ್ ಹಾಲಂಡ್ ಮತ್ತು ಸಂಗಡಿಗರು ಇದೇ ತೊಡಕನ್ನು ಎದುರಿಗಿಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಅದು 2017ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 166 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಬಂತು. ಇನ್ನೊಂದು ಗುಂಪಿನವರ ಮನೆಗೆ ಫಿಸಿಯೊಥೆರಪಿಸ್ಟ್ ಒಂದೇ ಒಂದು ಸಲ ಹೋದರು, ಆಮೇಲೆ ಏಳು ವಾರ ವಾರಕ್ಕೊಂದು ಫೋನ್ ಕರೆ. ವ್ಯಾಯಾಮಕ್ಕೆ ಮನೆಯಲ್ಲಿದ್ದದ್ದೇ ಸಾಮಾನು. ಎಂಟು ವಾರದ ಕೊನೆಗೆ ನಡಿಗೆಯಲ್ಲಿ ಮನೆಯ ಗುಂಪಿನವರು ಆಸ್ಪತ್ರೆಯ ಗುಂಪಿನವರಿಗಿಂತ ಹಿಂದೆ ಬೀಳಲಿಲ್ಲ. ಇನ್ನೊಂದು ಅಂಕಿ ಅದಕ್ಕಿಂತ ಮುಖ್ಯ. ಮನೆಯ ಗುಂಪಿನಲ್ಲಿ ಶೇ 91ರಷ್ಟು ಜನ ಚಿಕಿತ್ಸೆ ಪೂರೈಸಿದರು, ಆಸ್ಪತ್ರೆಯ ಗುಂಪಿನಲ್ಲಿ ಶೇ 49. ಬೇರೆಬೇರೆ ದೇಶಗಳ ಪ್ರಯೋಗಗಳನ್ನು ಸೇರಿಸಿ ನೋಡಿದ 2022ರ ಸಮೀಕ್ಷೆಯೂ ಮನೆಯ ಪುನಶ್ಚೇತನ ಆಸ್ಪತ್ರೆಯದಕ್ಕೆ ಸಾಟಿ ಎಂದೇ ಹೇಳಿತು. ಅದನ್ನು ಬರೆದವರಲ್ಲಿ ಬಾಂಗ್ಲಾದೇಶ, ಮಲೇಷ್ಯಾ ಮತ್ತು ಪುಣೆಯವರೂ ಇದ್ದಾರೆ.

ಮೆಲ್ಬರ್ನಿನ ಪ್ರಯೋಗ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ವರ್ಷ ಕಳೆದಾಗ ಎರಡೂ ಗುಂಪಿನವರ ಗಳಿಕೆ ಉಳಿದಿರಲಿಲ್ಲ. ಎಂಟು ವಾರ ಕಲಿಕೆಯ ಅವಧಿ, ಅಭ್ಯಾಸ ಬದುಕಿರುವವರೆಗೆ.

ಎಂಟು ವಾರದಲ್ಲಿ ಏನು ಮಾಡಬೇಕು?

ಮೊದಲ ಹೆಜ್ಜೆ ವೈದ್ಯರದ್ದೇ. ರೋಗ ಯಾವುದೆಂದು ಸ್ಪೈರೋಮೆಟ್ರಿಯಿಂದ ಖಚಿತವಾಗಬೇಕು, ಔಷಧ ಗೊತ್ತಾಗಿರಬೇಕು. ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಬರುವವರು, ಕೂತಲ್ಲೇ ಆಮ್ಲಜನಕ ಕಡಿಮೆ ಇರುವವರು, ಪುಪ್ಪುಸ ಗಟ್ಟಿಯಾಗುವ ಐಎಲ್‌ಡಿ ಕಾಯಿಲೆಯವರು ವೈದ್ಯರ ಪರೀಕ್ಷೆ ಇಲ್ಲದೆ ಸ್ವಂತ ಶುರು ಮಾಡಬಾರದು. ಪಂಪ್ ಸೇದುವ ರೀತಿಯನ್ನು ವೈದ್ಯರ ಎದುರೇ ಮಾಡಿ ತೋರಿಸಬೇಕು. ಬಹಳ ಜನರಲ್ಲಿ ಔಷಧ ಗಂಟಲಿಗೇ ಬಡಿದು ನಿಲ್ಲುತ್ತದೆ, ಪಂಪಿಗೆ ಸ್ಪೇಸರ್ ಎಂಬ ಕೊಳವೆ ಹಚ್ಚಿದರೆ ಒಳಗೆ ಇಳಿಯುತ್ತದೆ.

ಎರಡನೆಯದು ಅಳತೆ. ಅಂಗಳದಲ್ಲಾಗಲಿ ಓಣಿಯಲ್ಲಾಗಲಿ ಹತ್ತು ಮೀಟರ್ ಹಗ್ಗದಿಂದ ಅಳೆದು ಎರಡೂ ತುದಿಗೆ ಕಲ್ಲಿಡಿ. ಫಿಸಿಯೊಥೆರಪಿಸ್ಟ್ ನಿಂತು ಆರು ನಿಮಿಷ ನಡೆಸಿ ಎಷ್ಟು ಸುತ್ತಾಯಿತೆಂದು ಬರೆದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಇದನ್ನು 30 ಮೀಟರ್ ಪಡಸಾಲೆಯಲ್ಲಿ ಮಾಡುತ್ತಾರೆ. ಸಣ್ಣ ಜಾಗದಲ್ಲಿ ತಿರುಗುವುದೇ ಹೆಚ್ಚಾಗಿ ದೂರ ಕಡಿಮೆ ಬರುತ್ತದೆ, ಆದ್ದರಿಂದ ಎಂಟು ವಾರದ ನಂತರವೂ ಅದೇ ಜಾಗದಲ್ಲೇ ಅಳೆಯಬೇಕು. ಅಷ್ಟೂ ಜಾಗ ಇಲ್ಲದ ಮನೆಯಲ್ಲಿ ಒಂದು ನಿಮಿಷಕ್ಕೆ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಿದರೂ ಆಗುತ್ತದೆ.

ಆಮೇಲೆ ನಡಿಗೆ. ಪರೀಕ್ಷೆಯಲ್ಲಿ ನಡೆದ ವೇಗದ ಶೇ 80ರಷ್ಟು ವೇಗದಲ್ಲಿ ಶುರು ಮಾಡುವುದು ರೂಢಿ. ಗುರಿ 30 ನಿಮಿಷ, ವಾರಕ್ಕೆ ಐದು ದಿನ. ಒಂದೇ ಸಲಕ್ಕೆ ಆಗದವರು ಎರಡು ನಿಮಿಷ ನಡೆದು ಒಂದು ನಿಮಿಷ ನಿಂತು ಮುಂದುವರಿಸಲಿ. ಎಷ್ಟು ದಮ್ಮು ಹತ್ತಬಹುದು? ವೈದ್ಯರು ಸೊನ್ನೆಯಿಂದ ಹತ್ತರವರೆಗಿನ ಬೋರ್ಗ್ ಮಾಪಕದಲ್ಲಿ ನಾಲ್ಕೈದು ಎನ್ನುತ್ತಾರೆ. ‘ಎಂಟಾಣೆ ಆರಾಮ ಆಗ್ಯಾದ’ ಎಂದು ಹೇಳುವ ನಮ್ಮ ಹಿರಿಯರಿಗೆ ಆಣೆ ಲೆಕ್ಕವೇ ಸುಲಭ: ಆರಾಣೆಯಿಂದ ಎಂಟಾಣೆ ದಮ್ಮು ಹತ್ತಬೇಕು. ಮಾತಾಡಬಹುದು, ಹಾಡಲಿಕ್ಕೆ ಆಗಬಾರದು. ದಮ್ಮೇ ಹತ್ತದಿದ್ದರೆ ನಡಿಗೆ ಸಾಲದು. ಹನ್ನೆರಡಾಣೆ ಆಯಿತೆಂದರೆ ನಿಲ್ಲಬೇಕು.

ಇಲ್ಲಿಯೇ ಮನೆಯವರು ಹೆದರುವುದು, ಆದ್ದರಿಂದ ಒತ್ತಿ ಹೇಳಬೇಕು. ಹದ ಮೀರದ ತೇಕು ಪುಪ್ಪುಸಕ್ಕೆ ಹಾನಿ ಮಾಡುವುದಿಲ್ಲ. ವ್ಯಾಯಾಮ ಕೆಲಸ ಮಾಡುತ್ತಿದೆ ಎಂಬುದರ ಗುರುತು ಅದು.

ವಾರಕ್ಕೆ ಎರಡು ಮೂರು ದಿನ ಸ್ನಾಯುಬಲದ ಅಭ್ಯಾಸ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹೊಸ್ತಿಲು ಅಥವಾ ಕಟ್ಟೆಯ ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಗೋಡೆಗೆ ಕೈಯಿಟ್ಟು ಹಿಮ್ಮಡಿ ಎತ್ತುವುದು, ಅರ್ಧ ಲೀಟರ್ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಭುಜದ ಮಟ್ಟಕ್ಕೆ ಎತ್ತುವುದು. ಹತ್ತು ಸಲ ಮಾಡಿ ಸುಧಾರಿಸಿಕೊಂಡು ಮತ್ತೆ ಹತ್ತು. ಕೈಯ ಅಭ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಬೇಕು. ದಮ್ಮು ಜೋರಾದಾಗ ಉಸಿರೆಳೆಯಲು ನೆರವಾಗುವ ಕುತ್ತಿಗೆ, ಭುಜ, ಎದೆಯ ಸ್ನಾಯುಗಳೇ ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ ಕೈಗೂ ದುಡಿಯುತ್ತವೆ. ಎರಡೂ ಕೆಲಸ ಒಟ್ಟಿಗೆ ಬಿದ್ದಾಗ ಉಸಿರು ಸೋಲುತ್ತದೆ. ನಡೆಯುವಾಗ ಅಷ್ಟಾಗಿ ಆಗದವರಿಗೂ ನಾಲ್ಕನೇ ರೊಟ್ಟಿಗೆ ತೇಕು ಬರುವುದು ಇದಕ್ಕೇ. ಮೊಣಕೈಗೆ ಆಸರೆ ಸಿಗುವ ಎತ್ತರದಲ್ಲಿ ಕೂತು ಬಡಿಯುವುದು, ಎರಡು ರೊಟ್ಟಿಗೊಮ್ಮೆ ನಿಲ್ಲಿಸುವುದು, ಮಣೆಯ ಮೇಲೆ ಕೂತು ಸ್ನಾನ ಮಾಡುವುದು, ಇವೂ ಚಿಕಿತ್ಸೆಯ ಭಾಗವೇ.

ಉಸಿರಿನ ಪಾಠ ಸರಳ. ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ತುಟಿಯನ್ನು ಮೊನೆ ಮಾಡಿ ನಾಲ್ಕು ಎಣಿಸುವಷ್ಟು ಹೊರಗೆ. ತುಟಿಯ ತಡೆಯಿಂದ ಕೊಳವೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿಗೆ ದಾರಿ ಸಿಗುತ್ತದೆ. ಎದ್ದೇಳುವಾಗ, ಕೊಡ ಎತ್ತುವಾಗ ಉಸಿರು ಹೊರಬಿಡಬೇಕು. ದಮ್ಮು ಏರಿದಾಗ ಮಲಗಬಾರದು. ಕೂತು ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿದರೆ ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಅನುಕೂಲ. ಟಿವಿ ನೋಡಿ ಪ್ರಾಣಾಯಾಮ ಮಾಡುವವರಿಗೆ ಒಂದು ಮಾತು: ಉಸಿರು ಹಿಡಿದು ನಿಲ್ಲಿಸುವ ಕುಂಭಕ, ರಭಸದ ಕಪಾಲಭಾತಿ ಇಂಥ ಪುಪ್ಪುಸಕ್ಕೆ ಒಗ್ಗುವಂಥವಲ್ಲ.

ಸ್ನಾಯು ಕಟ್ಟಲು ಊಟ ಬೇಕು. ಹೊಟ್ಟೆ ಬಿರಿಯುವಂತೆ ಉಂಡರೆ ವಪೆ ಕೆಳಗಿಳಿಯಲು ಜಾಗವಿಲ್ಲದೆ ದಮ್ಮು ಹೆಚ್ಚುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪ ಐದಾರು ಸಲ ತಿನ್ನಲಿ. ತೊಗರಿ ಬ್ಯಾಳಿ, ಶೇಂಗಾ, ಮೊಟ್ಟೆ, ಹಾಲು, ನಡುವೆ ಒಂದು ಕಮಲಾಪುರದ ಕೆಂಪು ಬಾಳೆಹಣ್ಣು. ದುಬಾರಿ ಪ್ರೋಟೀನ್ ಡಬ್ಬಿ ಬೇಕಿಲ್ಲ.

ಬೇಸಿಗೆಯಲ್ಲಿ ಬೆಳಗಿನ ಏಳರೊಳಗೆ ನಡಿಗೆ ಮುಗಿಯಬೇಕು. ಚಳಿಗಾಲದಲ್ಲಿ ಒಲೆಯ ಹೊಗೆ, ಕಸ ಸುಡುವ ಹೊಗೆ ಬೆಳಗ್ಗೆ ನೆಲಮಟ್ಟದಲ್ಲೇ ನಿಂತಿರುತ್ತದೆ, ಬಿಸಿಲು ಬಂದ ಮೇಲೆ ಹೊರಡಬೇಕು. ರಾಶಿಯ ದಿನಗಳಲ್ಲಿ ಮನೆಯೊಳಗೇ ನಡೆಯುವುದು ಲೇಸು. ಕಟ್ಟಿಗೆ ಒಲೆಯನ್ನು ಹೊರಗೆ, ಗಾಳಿಗೆ ಹಾಕದಿದ್ದರೆ ಉಳಿದದ್ದೆಲ್ಲ ಅರ್ಧ ವ್ಯರ್ಥ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಆ ಕೋವಿಡ್ ವರ್ಷಗಳಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಎಷ್ಟೋ ಮನೆಗಳ ಅಲಮಾರಿಯಲ್ಲಿ ಬಿದ್ದಿದೆ. ಸೆಲ್ ಬದಲಿಸಿ ಹೊರತೆಗೆಯಿರಿ. ನಡೆಯುವಾಗ ಆಮ್ಲಜನಕದ ಅಂಕಿ 88ಕ್ಕಿಂತ ಕೆಳಗಿಳಿದರೆ ನಿಂತು, ಏರಿದ ಮೇಲೆ ಮುಂದುವರಿಸಿ. ಪದೇಪದೇ ಹಾಗಾದರೆ ವೈದ್ಯರಿಗೆ ತಿಳಿಸಿ. ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು, ಮಾತು ತೊದಲುವುದು, ಮಂಕು ಕವಿಯುವುದು ಕಂಡರೆ 108ಕ್ಕೆ ಫೋನ್ ಮಾಡಿ. ಕಫದ ಬಣ್ಣ ಬದಲಾಗಿ ಜ್ವರ ಬಂದರೆ ವ್ಯಾಯಾಮ ನಿಲ್ಲಿಸಿ ಚಿಕಿತ್ಸೆ ಪಡೆದು ಮತ್ತೆ ಶುರು ಮಾಡಿ.

ನಡೆಯಲು ಬಿಡುವವರು ಯಾರು?

ಗಂಡಸರು ಬೆಳಗ್ಗೆ ಎದ್ದು ಕಲಬುರಗಿಯ ಅಪ್ಪನ ಕೆರೆಗೆ ಸುತ್ತು ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ಹಳ್ಳಿಯ ಐವತ್ತು ವರ್ಷದ ಹೆಣ್ಣುಮಗಳು ಕೊಡವಿಲ್ಲದೆ, ಬುತ್ತಿಯಿಲ್ಲದೆ ಓಣಿಯಲ್ಲಿ ಸುಮ್ಮನೆ ನಡೆದರೆ ನಾಲ್ಕು ಜನ ಕೇಳುತ್ತಾರೆ: ‘ಎಲ್ಲಿಗ್ ಹೊಂಟೀಯಬೇ?’ ಮನೆಗೆಲಸದಲ್ಲೇ ಸಾಕಷ್ಟು ವ್ಯಾಯಾಮ ಆಗುತ್ತದಲ್ಲ ಎಂಬ ಮಾತೂ ಇದೆ. ಮನೆಗೆಲಸ ದಣಿಸುತ್ತದೆ, ಆದರೆ ಅದರಲ್ಲಿ ಅಳತೆಯಿಲ್ಲ, ಹಂತಹಂತದ ಏರಿಕೆಯಿಲ್ಲ, ಬಿಡುವಿಲ್ಲ. ಚಿಕಿತ್ಸೆಯ ನಡಿಗೆಗೆ ಈ ಮೂರೂ ಬೇಕು. ಮನೆಯವರು ಅವಳಿಗೆ ದಿನಕ್ಕೆ ಅರ್ಧ ತಾಸು ಬಿಟ್ಟುಕೊಡಬೇಕು, ಆ ಹೊತ್ತಿನ ರೊಟ್ಟಿ ಬೇರೆಯವರು ಬಡಿಯಬೇಕು.

ಎಂಟು ವಾರದ ನಂತರ ಅಭ್ಯಾಸ ಉಳಿಯಬೇಕಾದರೆ ಜೊತೆ ಬೇಕು. ನಮ್ಮಲ್ಲಿ ಅದಕ್ಕೆ ಕೊರತೆಯಿಲ್ಲ. ಊರಿಗೊಂದು ಭಜನಿ ಮಂಡಳಿ, ಗುಡಿ ಕಟ್ಟೆಯ ಮೇಲೊಂದು ಗುಂಪು ಇದ್ದೇ ಇದೆ. ಸಿಒಪಿಡಿಯವರಿಗೆ ಹಾಡುಗಾರಿಕೆ ಹೇಳಿಕೊಟ್ಟ ಸಣ್ಣ ಪ್ರಯೋಗಗಳು ಹೊರದೇಶಗಳಲ್ಲಿ ನಡೆದಿವೆ. ಪುರಾವೆ ಇನ್ನೂ ತೆಳುವಾಗಿದೆ, ಆದರೂ ಉದ್ದ ಉಸಿರು ಬಿಟ್ಟು ತತ್ವಪದ ಹಾಡುವುದರಿಂದ ಯಾರಿಗೂ ಕೇಡಿಲ್ಲ. ಭಜನಿಗೆ ಹೋಗುವಾಗ ನಡೆದೇ ಹೋದರೆ ಎರಡೂ ಆಯಿತು.

ಇನ್ನು ಸರ್ಕಾರದ ಪಾಲು. 2023ರಲ್ಲಿ ಹೊಸ ಹೆಸರು ಪಡೆದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ ಸಿಒಪಿಡಿ, ಅಸ್ತಮಾ ಎರಡೂ ಸೇರಿವೆ. ಆಶಾ ಕಾರ್ಯಕರ್ತೆ 30 ವರ್ಷ ದಾಟಿದವರ ಮನೆಗೆ ಹೋಗಿ ತುಂಬುವ ಅರ್ಜಿಯಲ್ಲಿ ‘ಉಸಿರಾಟಕ್ಕೆ ತೊಂದರೆ ಇದೆಯೇ’, ‘ಅಡುಗೆಗೆ ಯಾವ ಉರುವಲು’, ‘ಹೊಗೆ-ಧೂಳಿನ ಕೆಲಸವೇ’ ಎಂಬ ಪ್ರಶ್ನೆಗಳು ಆಗಲೇ ಇವೆ. ಅಂದರೆ ರೋಗಿ ಯಾವ ಓಣಿಯಲ್ಲಿದ್ದಾರೆ ಎಂದು ಕೇಳುವ ವ್ಯವಸ್ಥೆ ಇದೆ. ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಇನ್ನೂ ಆಗಬೇಕಾದ ಕೆಲಸ.

ಮೆಲ್ಬರ್ನಿನ ಮಾದರಿಯನ್ನು ಕಮಲಾಪುರಕ್ಕೆ ತಂದರೆ ಎಷ್ಟು ಕೆಲಸವಾದೀತು? ಒಬ್ಬ ಫಿಸಿಯೊಥೆರಪಿಸ್ಟ್ ವಾರಕ್ಕೆ ಐದು ಹೊಸ ಮನೆಗಳಿಗೆ ಹೋದರು ಎಂದಿಟ್ಟುಕೊಳ್ಳಿ. ಹಿಂದಿನ ಏಳು ವಾರಗಳ 35 ರೋಗಿಗಳಿಗೆ ತಲಾ 20 ನಿಮಿಷದ ಕರೆ ಮಾಡಿದರೆ ಒಟ್ಟು ಸುಮಾರು ಹನ್ನೆರಡು ತಾಸು. ‘ಈ ವಾರ ಎಷ್ಟ್ ದಿನ ನಡದ್ರಿ ಕಾಕಾ? ಯಾಕ್ ಬಿಟ್ರಿ? ನಾಳಿಂದ ಎಷ್ಟ್ ನಡೀತೀರಿ?’ ಇಷ್ಟೇ ಮಾತು, ಆದರೆ ತಪ್ಪದೆ ಪ್ರತಿ ವಾರ. ಐದು ಭೇಟಿ, ಹನ್ನೆರಡು ತಾಸು ಫೋನು ಸೇರಿದರೂ ಒಬ್ಬರ ವಾರ ತುಂಬುವುದಿಲ್ಲ. ವರ್ಷಕ್ಕೆ ಸುಮಾರು 250 ಜನ ಚಿಕಿತ್ಸೆ ಶುರು ಮಾಡುತ್ತಾರೆ. ಬೇಕಾದದ್ದು ತಾಲ್ಲೂಕಿಗೊಂದು ಹುದ್ದೆ, ಒಂದು ಸ್ಕೂಟರ್, ಒಂದು ಸಿಮ್ ಕಾರ್ಡ್. ಈ ಕೆಲಸವನ್ನೂ ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ರೋಗಿಯನ್ನು ಗುರುತಿಸುವುದು ಅವರ ಕೆಲಸ, ವ್ಯಾಯಾಮ ಗೊತ್ತುಮಾಡುವುದು ತರಬೇತಿ ಪಡೆದವರದು. ಸೇಡಂ ರಸ್ತೆಯ ವೈದ್ಯಕೀಯ ಕಾಲೇಜುಗಳು ತರಬೇತಿ ಕೊಡಬಲ್ಲವು. ಈ ಭಾಗದ ಅಭಿವೃದ್ಧಿಗೆಂದೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳ ಜೊತೆಗೆ ಇಂಥ ಹುದ್ದೆಗಳಿಗೂ ದುಡ್ಡು ತೆಗೆದಿಡುವ ಬಗ್ಗೆ ಯೋಚಿಸಬೇಕು.

ಅದು ಆಗುವವರೆಗೆ ರೋಗಿಗಳೂ ಮನೆಯವರೂ ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ಸಲ ದವಾಖಾನೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ನನ್ನ ಕಾಯಿಲೆಗೆ ವ್ಯಾಯಾಮ ಮಾಡಬಹುದೇ, ಯಾವ ಮಿತಿಯಲ್ಲಿ? ನಾನು ಪಂಪ್ ಸೇದುವುದು ಸರಿಯಾಗಿದೆಯೇ, ನೋಡುತ್ತೀರಾ? ನಡಿಗೆ ಕಲಿಸಲು ನಿಮ್ಮ ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಬಳಿಗೆ ಕಳಿಸುತ್ತೀರಾ, ವಾರಕ್ಕೊಮ್ಮೆ ಫೋನ್ ಮಾಡುವವರು ಯಾರಾದರೂ ಇದ್ದಾರೆಯೇ? ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬರಬಹುದು. ಆಗಲೂ ಕೇಳುವುದನ್ನು ಬಿಡಬೇಡಿ. ಕೇಳುವವರೇ ಇಲ್ಲದ ಸೇವೆಗೆ ಯಾವ ಇಲಾಖೆಯೂ ಹುದ್ದೆ ಮಂಜೂರು ಮಾಡಿದ ಉದಾಹರಣೆ ಇಲ್ಲ.